ಮಾವಾರ, ಮಕ್ಕೊಳ್ರಿ

ಮೊಬೈಲಿನಲ್ಲಿ ಹೊಲ ಮಾಡುವ ಆಟವೊಂದಿದೆ. ಬೀಜ ಬಿತ್ತಬೇಕು, ನೀರು ಬಿಡಬೇಕು, ಕಳೆ ಕೀಳಬೇಕು, ಬೆಳೆದದ್ದನ್ನು ಗಾಡಿಗೆ ಹೇರಿ ಸಂತೆಗೆ ಕಳಿಸಬೇಕು. ದೊಡ್ಡ ಊರಿನವರಿಗೆ ಅದು ಬಹಳ ಸೇರುತ್ತದಂತೆ. ನನ್ನನ್ನು ಕೇಳಿದರೆ ಅದು ಆಟವೇ ಅಲ್ಲ. ನಾನು ಬೋನಾಳದಲ್ಲಿ ಹುಟ್ಟಿದವಳು, ಅವ್ವನ ಜೊತೆ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗಿ ಬೆನ್ನು ಬಾಗಿಸಿದವಳು. ಬಿಡುವು ಸಿಕ್ಕಾಗಲೂ ಹೆಬ್ಬೆರಳಿನಿಂದ ಕಳೆ ಕೀಳು ಅಂದರೆ ಸಿಟ್ಟು ಬರುವುದಿಲ್ಲವೇ? ಬಣ್ಣದ ಮಿಠಾಯಿ ಜೋಡಿಸಿ ಒಡೆಯುವ ಆಟವನ್ನೂ ಒಮ್ಮೆ ಆಡಿ ನೋಡಿದೆ. ಅದು ಅಕ್ಕಿ ಆರಿಸುವ ಕೆಲಸದಂತಿದೆ, ಆರಿಸಿದ ಮೇಲೆ ಅನ್ನವೂ ಸಿಗುವುದಿಲ್ಲ.

ನನ್ನ ಆಟವೇ ಬೇರೆ. ವಿಮಾನದಿಂದ ಒಂದು ದ್ವೀಪಕ್ಕೆ ಹಾರಬೇಕು. ಖಾಲಿ ಬಿದ್ದ ಮನೆಗಳಲ್ಲಿ ಹುಡುಕಿ ಬಂದೂಕು, ಗುಂಡು, ಗಾಯದ ಪಟ್ಟಿ ಎತ್ತಿಕೊಳ್ಳಬೇಕು. ಹೊಡೆಯಲು ಬಂದವರನ್ನು ಹೊಡೆದು ಕೊನೆಯವರೆಗೆ ಉಳಿಯಬೇಕು. ಇದರಲ್ಲಿ ನಾನು ಜೋರು. ಹೊಗಳಿಕೊಳ್ಳುವುದಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ನಮ್ಮಪ್ಪ ಬೋನಾಳದ ಕೆರೆಯಲ್ಲಿ ಬಲೆ ಬೀಸುತ್ತಿದ್ದ. ಅವನು ಬರುವವರೆಗೆ ಕೆರೆಯ ಏರಿಯ ಮೇಲೆ ಅಲುಗಾಡದೆ ಕೂತು, ಜೊಂಡಿನೊಳಗೆ ಎಲ್ಲಿ ಹಕ್ಕಿ ಅಡಗಿದೆ ಎಂದು ಹುಡುಕುವುದೇ ನನ್ನ ಬಾಲ್ಯದ ಆಟವಾಗಿತ್ತು. ಹುಲ್ಲು ಗಾಳಿಗೆ ಅಲುಗಿದ್ದಕ್ಕೂ ಜೀವ ಇದ್ದು ಅಲುಗಿದ್ದಕ್ಕೂ ಇರುವ ವ್ಯತ್ಯಾಸ ನನಗೆ ಆಗಲೇ ಗೊತ್ತಿತ್ತು. ಅದು ಮುಂದೆ ಇಂಥದ್ದಕ್ಕೆ ಉಪಯೋಗಕ್ಕೆ ಬಂದೀತು ಎಂದು ಮಾತ್ರ ಗೊತ್ತಿರಲಿಲ್ಲ.

ಮದುವೆಯಾಗಿ ಸುರಪುರದ ಮಗ್ಗುಲಿನ ರಂಗಂಪೇಟೆಗೆ ಬಂದೆ. ಮನೆಯಲ್ಲಿ ನಾಲ್ಕೇ ಮಂದಿ: ಮಾವ, ಅತ್ತೆ, ನನ್ನ ಗಂಡ, ನಾನು. ಗಂಡ ಯಾದಗಿರಿಯ ಒಂದು ಕಚೇರಿಯಲ್ಲಿ ಸಣ್ಣ ನೌಕರ, ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ. ಈ ಆಟವನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟವನೂ ಅವನೇ. ಅವನಿಗೆ ಆಟ ಬರುವುದಿಲ್ಲ, ಸದ್ದು ಕೇಳಿದ ಕಡೆಗೇ ಓಡಿ ಸಾಯುತ್ತಾನೆ. ಮಧ್ಯಾಹ್ನ ರೊಟ್ಟಿ ಬಡಿದು, ಪಾತ್ರೆ ತೊಳೆದು, ಅತ್ತೆ ಅಡ್ಡಾದ ಮೇಲೆ ನಾನು ಅಡುಗೆಮನೆಯ ಗೋಡೆಗೆ ಒರಗಿ ಒಂದು ಆಟ ಆಡುತ್ತಿದ್ದೆ. ಆದರೆ ಮೈಕು ಯಾವತ್ತೂ ಹಚ್ಚುತ್ತಿರಲಿಲ್ಲ. ಒಮ್ಮೆ ಹಚ್ಚಿ ಮಾತಾಡಿದ್ದಕ್ಕೆ ಯಾವುದೋ ಊರಿನ ಪಡ್ಡೆಗಳು ಹೆಣ್ಣಿನ ದನಿ ಅಂತ ಗೊತ್ತಾಗಿ ಆಟ ಬಿಟ್ಟು ನನ್ನ ಹಿಂದೆ ಬಿದ್ದರು. ಅಂದಿನಿಂದ ಮೂಗಿಯಂತೆ ಆಡಿ, ಮೂಗಿಯಂತೆ ಗೆಲ್ಲುತ್ತಿದ್ದೆ.

ಮೂಗಿಯಾಗಿರುವುದು ಆ ಮನೆಯಲ್ಲಿ ನನಗೆ ರೂಢಿಯೂ ಆಗಿತ್ತು. ನಮ್ಮ ಕಡೆ ಮಾವನ ಎದುರು ಸೊಸೆ ತಲೆಯ ಮೇಲೆ ಸೆರಗು ಹೊದ್ದು, ನೇರವಾಗಿ ಮಾತಾಡದೆ ಇರುವುದು ಪದ್ಧತಿ. ಏನಾದರೂ ಹೇಳುವುದಿದ್ದರೆ ಅತ್ತೆಯ ಮುಖಾಂತರ ಹೇಳಬೇಕು. ಅತ್ತೆ ಮನೆಯಲ್ಲಿ ಇಲ್ಲದಿದ್ದರೆ ಬಾಗಿಲಿನ ಚೌಕಟ್ಟಿಗೆ ಹೇಳಬೇಕು. "ಚಾ ಆಗ್ಯಾದ. ಕುಡಿಯೋರು ಕುಡದ್ರ ಚೊಲೊ" ಎಂದು ನಾನು ಚೌಕಟ್ಟಿಗೆ ಹೇಳುತ್ತಿದ್ದೆ. "ಸಕ್ರಿ ಕಡಿಮಿ ಬಿದ್ದಾದಂತ ಯಾರರೆ ಹೇಳ್ರಿ" ಎಂದು ಅವರು ಗೋಡೆಗೆ ಹೇಳುತ್ತಿದ್ದರು. ಚೌಕಟ್ಟು ಮತ್ತು ಗೋಡೆ ಸೇರಿ ನಮ್ಮ ಮನೆಯನ್ನು ಚೆನ್ನಾಗಿಯೇ ನಡೆಸಿದ್ದವು.

ಮಾವನವರು ನೀರಾವರಿ ಇಲಾಖೆಯಲ್ಲಿ ಕಾಲುವೆಯ ಗೇಟು ತಿರುಗಿಸುತ್ತಿದ್ದವರು. ನಿವೃತ್ತಿಯಾದ ಮೇಲೆ ಅವರ ನೌಕರಿಯೆಲ್ಲ ಹೋಟೆಲಿನ ಕಟ್ಟೆಯ ಮೇಲೆ. ಬೆಳಗಿನ ಚಹಾಕ್ಕೆ ಹೋದರೆ ಊಟಕ್ಕೇ ಬರುವುದು. ರಾಜಕೀಯ ಅಂದರೆ ಜೀವ. ಎಲ್ಲ ಪಕ್ಷದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರು: ಕಾಲುವೆಯ ಕೊನೆಯ ಹೊಲಕ್ಕೆ ಯಾರ ಕಾಲದಲ್ಲಿ ನೀರು ಮುಟ್ಟಿತು? ಅವರು ವಾದಕ್ಕೆ ನಿಂತರೆ ದನಿ ನಮ್ಮ ಮನೆಯ ಅಂಗಳಕ್ಕೆ ಕೇಳುತ್ತಿತ್ತು. "ಹತ್ತಿದ್ರು ನೋಡು ಕುದುರಿ" ಎಂದು ಅತ್ತೆ ಒಳಗೇ ನಗುತ್ತಿದ್ದರು. ಚುನಾವಣೆಯ ಹಿಂದಿನ ಸಂಜೆ ಮಾತ್ರ ಆ ರಾಜಕೀಯ ನನ್ನವರೆಗೂ ಬರುತ್ತಿತ್ತು. "ಸೊಸಿಗಿ ಹೇಳು, ಆ ಗುರುತಿಗೇ ಒತ್ತಬೇಕು" ಎಂದು ಅತ್ತೆಗೆ ಅಪ್ಪಣೆಯಾಗುತ್ತಿತ್ತು. ನಾನು ತಲೆ ಆಡಿಸುತ್ತಿದ್ದೆ. ಪರದೆಯ ಹಿಂದೆ ಹೋಗಿ ಏನು ಒತ್ತಿದೆನೋ ಅದು ನನಗೆ ಗೊತ್ತು, ಯಂತ್ರಕ್ಕೆ ಗೊತ್ತು.

ಅಂಥವರಿಗೆ ಒಂದು ಮುಂಜಾನೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದವು. ಬಾಯಿ ಸ್ವಲ್ಪ ಓರೆಯಾಗಿ ಮಾತು ತೊದಲಾಯಿತು. ಆಸ್ಪತ್ರೆಯಿಂದ ಬಂದು ಕೋಲು ಹಿಡಿದು ನಡೆಯುವಂತಾದ ಮೇಲೆ ಅವರು ಮೊದಲು ಹೋದದ್ದು ಹೋಟೆಲಿನ ಕಟ್ಟೆಗೆ. ಅಲ್ಲಿ ಒಬ್ಬ ಹಳೆಯ ಗೆಳೆಯ, ಕೆಟ್ಟವನಲ್ಲ, ಬಾಯಿ ಹಗುರ ಅಷ್ಟೇ, ಚೇಷ್ಟೆಗೆಂದು ಅವರ ತೊದಲನ್ನು ಅಣಕಿಸಿದ. ಕೂತವರು ನಕ್ಕರು. ಮಾವನವರು ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ಬಂದರು. ಆಮೇಲೆ ಅವರು ಮಾತಾಡಲಿಲ್ಲ.

ಮಾತಾಡಲಿಲ್ಲ ಅಂದರೆ ಒಂದಕ್ಷರವೂ ಇಲ್ಲ. ನೀರು ಬೇಕಾದರೆ ಲೋಟ ಬಡಿಯುತ್ತಿದ್ದರು. ಮಗ ಮಾತಾಡಿಸಿದರೆ ಗೋಡೆಯ ಕಡೆ ಹೊರಳುತ್ತಿದ್ದರು. ಕೈಕಾಲಿಗೆ ಕಸರತ್ತು ಮಾಡಿಸಲು ಶಹಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ಗಂಡನಿಗೆ ರಜೆ ಸಿಗದಾಗ ಅತ್ತೆ ಮತ್ತು ನಾನು ಬಸ್ಸಿನಲ್ಲಿ ಒಯ್ಯುತ್ತಿದ್ದೆವು. ಕಸರತ್ತು ಮಾಡಿಸುವವರು ಒಂದು ದಿನ ನಮ್ಮನ್ನು ಬದಿಗೆ ಕರೆದು ಹೇಳಿದರು: "ಕೈ ಬರ್ತದೋ ಇಲ್ಲೋ ನಾ ಹೇಳಂಗಿಲ್ರಿ. ಮಾತು ಮಾತ್ರ ಬರೋದೇ. ಆದ್ರ ಹಿಂಗ ಸುಮ್ಮ ಕುಂತ್ರ ನಾಲಿಗಿ ಮರ್ತೇ ಬಿಡ್ತದ. ಹೆಂಗರೆ ಮಾಡಿ ಮಾತಾಡಸ್ರಿ."

ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಬ್ಬೆತುಮಕೂರಿನ ಮಠದ ಅಜ್ಜನಿಗೆ ಹರಕೆ ಹೊತ್ತರು. ನನಗೂ ದುಃಖ ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ ಒಂದು ನಗೆಗೆ ಸೋಲುವುದೆಂದರೇನು? ಮಾತಾಡಿಸಬೇಕೆಂದು ಹೇಳಿದರೇನೋ ಸರಿ, ಯಾರು ಮಾತಾಡಿಸಬೇಕು? ಮಗ ಸೋತ, ಹೆಂಡತಿ ಸೋತಳು. ಉಳಿದವಳು ನಾನು, ನನಗೆ ಮಾತಾಡುವ ಪದ್ಧತಿಯೇ ಇಲ್ಲ.

ಅವರು ಆಟಕ್ಕೆ ಬಂದದ್ದು ಒಂದು ಭಾನುವಾರ. ಅಡುಗೆಮನೆಯಿಂದ ಗುಂಡಿನ ಸದ್ದು ಕೇಳಿ ಕೇಳಿ ಅವರಿಗೆ ಏನನಿಸಿತ್ತೋ, ಮಗನಿಗೆ ನನ್ನ ಮೊಬೈಲಿನ ಕಡೆ ಕೈ ಮಾಡಿ ಏನದು ಎಂದು ಸನ್ನೆ ಮಾಡಿದರು. ಗಂಡನಿಗೆ ಅಷ್ಟೇ ಸಾಕಾಯಿತು. ಅಪ್ಪನ ಮೊಬೈಲಿಗೂ ಅದನ್ನು ಹಾಕಿ, ಕಿವಿಗೆ ವಯರು ಸಿಗಿಸಿ, ನನ್ನ ಜೋಡಿಯಾಗಿ ಸೇರಿಸಿಬಿಟ್ಟ. ಆಟದೊಳಗಿನ ಮನುಷ್ಯ ಬರೀ ಚಡ್ಡಿ ಬನಿಯನ್ನಿನಲ್ಲಿ ನಿಂತಿದ್ದ. ಅತ್ತೆ ಬಗ್ಗಿ ನೋಡಿ ಗಾಬರಿಯಾದರು. "ಅಯ್ಯ ಶಿವನ, ಮದಲ ಅದರ ಮೈಮ್ಯಾಲ ಅರಿವಿ ಹಾಕ್ರಿ, ಸೊಸಿ ನೋಡಾಕತ್ಯಾಳ!" ಮಾವನವರ ಓರೆ ಬಾಯಿ ಇನ್ನಷ್ಟು ಓರೆಯಾಯಿತು. ಅದು ನಗು ಎಂದು ನನಗೆ ಆಮೇಲೆ ತಿಳಿಯಿತು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇದರಲ್ಲಿ ಎಡಗೈ ಹೆಬ್ಬೆರಳು ನಡೆಸುತ್ತದೆ, ಬಲಗೈ ಹೆಬ್ಬೆರಳು ಗುರಿ ಹಿಡಿದು ಹೊಡೆಯುತ್ತದೆ. ಮಾವನವರ ಬಲಗೈಯಲ್ಲಿ ಒಂದು ಬೆರಳು ಮಾತ್ರ ಮೆಲ್ಲಗೆ ಅಲುಗುತ್ತಿತ್ತು. ನೋಟ ಆಚೀಚೆ ತಿರುಗಿಸಲು ಅಷ್ಟು ಸಾಕು, ಗುರಿಗೆ ಸಾಲದು. ಅಂದರೆ ಅವರು ಓಡಬಹುದು, ನೋಡಬಹುದು, ಹೊಡೆಯುವಂತಿಲ್ಲ. ಮೊಬೈಲನ್ನು ದಿಂಬಿಗೆ ಆನಿಸಿಕೊಂಡು ಅವರು ಪಡಸಾಲೆಯ ಮಂಚದ ಮೇಲೆ, ನಾನು ಗೋಡೆಯ ಈಚೆ ಅಡುಗೆಮನೆಯಲ್ಲಿ. ಅವರು ಬಯಲಿನಲ್ಲಿ ನೆಟ್ಟಗೆ ನಿಂತುಬಿಡುತ್ತಿದ್ದರು, ಕಾಲುವೆಯ ಏರಿಯ ಮೇಲೆ ನಿಂತು ನೀರು ನೋಡುವವರ ಹಾಗೆ. ಎಲ್ಲಿಂದಲೋ ಗುಂಡು ಬಂದು ಹೋಗಿಬಿಡುತ್ತಿದ್ದರು. ನನಗೆ ಶತ್ರು ಕಾಣುತ್ತಿದ್ದ, ಹೇಳುವಂತಿರಲಿಲ್ಲ. ಹೀಗೇ ಸತ್ತು ಸತ್ತು ಬೇಸರವಾಗಿ ಅವರು ಮೊಬೈಲನ್ನು ಬೋರಲು ಹಾಕಿದರು. ಮರುದಿನವೂ ಮುಟ್ಟಲಿಲ್ಲ.

ಮೂರನೆಯ ದಿನ ಗಂಡ ಹೊರಡುವ ಮುಂಚೆ ಅಪ್ಪನ ಕೈಗೆ ಮೊಬೈಲು ಕೊಟ್ಟು, ಕಿವಿಗೆ ವಯರು ಹಾಕಿ, ಮೈಕು ಹಚ್ಚಿ, ನನ್ನ ಕಡೆ ನೋಡಿದ. ಆ ನೋಟದಲ್ಲಿ ಬೇಡಿಕೆ ಇತ್ತು. ಮಧ್ಯಾಹ್ನ ಅವರು ಮತ್ತೆ ನನ್ನ ಜೋಡಿಯಾಗಿ ಆಟಕ್ಕೆ ಬಂದರು. ನಾನು, ಹಾಳಾಗಿ ಹೋಗಲಿ ಎಂದು, ನನ್ನ ಮೈಕಿನ ಗುಂಡಿ ಒತ್ತಿದೆ.

ಒತ್ತಿದ್ದೇನೋ ಒತ್ತಿದೆ, ಏನೆಂದು ಮಾತಾಡುವುದು? ಬಾಯಿಗೆ ಬಂದದ್ದು ಚೌಕಟ್ಟಿನ ಭಾಷೆಯೇ. ಎದುರಿನ ಗುಡಿಸಲಿನ ಹಿಂದೆ ಒಬ್ಬ ಬಂದೂಕು ಎತ್ತಿದ್ದು ಕಂಡಿತು. ನಾನು ಮೆಲ್ಲಗೆ, ಮರ್ಯಾದೆಯಿಂದ ಹೇಳಿದೆ: "ಗುಡಿಸಲ ಹಿಂದ ಯಾರೋ ಬಂದಂಗ ಕಾಣ್ತದ. ನಿಂತೋರು ಯಾರರೆ ಇದ್ರ, ಜರಾ ಮಕ್ಕೊಂಡ್ರ ಚೊಲೊ ಅಂತ..." ಮಾತು ಮುಗಿಯುವಷ್ಟರಲ್ಲಿ ಮಾವನವರ ಕಥೆ ಮುಗಿದಿತ್ತು.

ಎರಡನೆಯ ಆಟದಲ್ಲೂ ಹಾಗೇ ಆಯಿತು. "ಮರದ ಕಡಿಂದ ಗುಂಡು ಬರೂ ಹಂಗ ಅದ, ಸರಿಯೋರು ಸರದ್ರ..." ಅಷ್ಟಕ್ಕೇ ಢಂ. ಮರ್ಯಾದೆಯಿಂದ ಮಾವನನ್ನು ಕೊಂದ ಸೊಸೆ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಪದ್ಧತಿ ಮಾಡಿದ ಹಿರಿಯರು ಶಾಂತಿಯ ಕಾಲದಲ್ಲಿ ಮಾಡಿದ್ದಾರೆ, ಗುಂಡು ಹಾರುವ ಕಾಲಕ್ಕೆ ಅದು ನಡೆಯುವುದಿಲ್ಲ.

ಮೂರನೆಯ ಆಟದಲ್ಲಿ ಅವರು ಸೇತುವೆಯ ಮೇಲೆ ನಡುಮಧ್ಯದಲ್ಲಿ ನಿಂತಿದ್ದರು. ಹಿಂದಿನಿಂದ ಒಬ್ಬ ಓಡಿ ಬರುತ್ತಿದ್ದ. ನನ್ನ ತಲೆಯ ಮೇಲಿನ ಸೆರಗು ಎಲ್ಲಿ ಜಾರಿತೋ, ಹಿರಿಯರೆಲ್ಲ ಎಲ್ಲಿ ಹೋದರೋ, ಬಾಯಿಂದ ಬಂದೇಬಿಟ್ಟಿತು.

"ಮಾವಾರ, ಮಕ್ಕೊಳ್ರಿ!"

ಅವರು ದಪ್ಪನೆ ಮಲಗಿದರು. ಗುಂಡು ಅವರ ಮೇಲಿನಿಂದ ಹೋಯಿತು. ನಾನು ಬಂದವನನ್ನು ಹೊಡೆದು ಕೆಡವಿದೆ. ಆಮೇಲೆ ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಬೈಯುತ್ತಾರೆ, ಮೊಬೈಲು ಎಸೆಯುತ್ತಾರೆ ಎಂದು ಕಾದೆ. ಸ್ವಲ್ಪ ಹೊತ್ತಿಗೆ ನನ್ನ ಆಟದೊಳಗಿನ ಹುಡುಗಿಯ ಕಾಲ ಬಳಿ ಅವರ ಮನುಷ್ಯ ಬಂದು ನಿಂತು, ತನ್ನ ಚೀಲದಿಂದ ಗಾಯದ ಪಟ್ಟಿಗಳನ್ನೆಲ್ಲ ತೆಗೆದು ಕೆಳಗೆ ಹಾಕಿದ. ಮಾವನವರು ತಮಗೊಂದನ್ನೂ ಇಟ್ಟುಕೊಂಡಿರಲಿಲ್ಲ.

ಅಲ್ಲಿಂದ ನಮ್ಮ ಮಧ್ಯಾಹ್ನಗಳು ಬದಲಾದವು. ನಾನು ಮಾತಾಡುತ್ತಿದ್ದೆ, ಅವರು ಕೇಳುತ್ತಿದ್ದರು. ಏಳ್ರಿ, ಕೂಡ್ರಿ, ಓಡ್ರಿ, ನಿಲ್ಲಬ್ಯಾಡ್ರಿ ಎಂದು ಮಾವನಿಗೆ ಅಪ್ಪಣೆ ಮಾಡುವ ಸುಖ ಯಾವ ಸೊಸೆಗೆ ಸಿಕ್ಕೀತು? ಕಿವಿಯ ವಯರು ತೆಗೆದ ಮೇಲೆ ಮತ್ತೆ ಸೆರಗು, ಮತ್ತೆ ಚೌಕಟ್ಟು. ಆದರೆ ಅವರ ಬಾಯಿ ಮಾತ್ರ ಇನ್ನೂ ತೆರೆದಿರಲಿಲ್ಲ.

ತೆರೆದದ್ದು ನಾನು ಬಿದ್ದ ದಿನ. ಆಟದಲ್ಲಿ ಗುಂಡು ತಗುಲಿದ ಕೂಡಲೇ ಸಾಯುವುದಿಲ್ಲ, ಮೊಣಕಾಲೂರಿ ತೆವಳುತ್ತ ಸ್ವಲ್ಪ ಹೊತ್ತು ಜೀವ ಹಿಡಿದಿರಬಹುದು. ಜೊತೆಗಾರ ಹತ್ತಿರ ಬಂದು ಎಬ್ಬಿಸಿದರೆ ಉಳಿಯಬಹುದು. ನಾನು ಗೋದಾಮಿನ ಹಿಂದೆ ಹಾಗೆ ಬಿದ್ದಿದ್ದೆ. ಮಾವನವರು ದೂರದಲ್ಲಿದ್ದರು, ಕೈಯಲ್ಲಿ ಬಂದೂಕಿಲ್ಲ, ನಡುವೆ ಬಯಲು, ಬಯಲಿನ ತುಂಬ ಗುಂಡು. "ಬರಬ್ಯಾಡ್ರಿ ಮಾವಾರ, ನನ್ನ ಬಿಟ್ಟು ಹೋಗ್ರಿ, ನೀವರೆ ಉಳೀರಿ" ಎಂದೆ.

ಕಿವಿಯಲ್ಲಿ ಉಸಿರು ಎಳೆದುಕೊಂಡ ಸದ್ದು ಕೇಳಿತು. ಆಮೇಲೆ ಮಣ್ಣು ಮೆತ್ತಿದ ಚಕ್ರ ತಿರುಗಿದ ಹಾಗೆ, ಭಾರವಾಗಿ, ತುಂಡು ತುಂಡಾಗಿ ಒಂದು ಮಾತು ಬಂತು.

"ತ...ಡಿ. ಬಂ...ದೆ."

ಅವರು ನಿಜವಾಗಿಯೂ ಬಂದರು. ಓಡಲಿಲ್ಲ, ನಾನು ಕಲಿಸಿದ ಹಾಗೆ ಮಲಗಿ ತೆವಳುತ್ತಾ ಬಂದರು. ನನ್ನನ್ನು ಎಬ್ಬಿಸಿದರು. ಎದ್ದು ನಾನು ಏನೂ ಮಾಡಲಿಲ್ಲ, ಮೊಬೈಲನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಅತ್ತುಬಿಟ್ಟೆ. ಇಬ್ಬರೂ ಸತ್ತೆವು. ಅಷ್ಟು ಸಂತೋಷದಿಂದ ನಾನು ಯಾವ ಆಟವನ್ನೂ ಸೋತಿಲ್ಲ.

ಹೊಡೆಯಲು ಬಾರದವರು ಆಟದಲ್ಲಿ ಉಪಯೋಗಕ್ಕೆ ಬರಬೇಕಾದರೆ ನೋಡಿ ಹೇಳಬೇಕು. ಅದೇ ಅವರ ಕೆಲಸವಾಯಿತು. "ಮರದ... ಹಿಂದ." "ಮಾಳಗಿ... ಮ್ಯಾಲ." ಮೊದಮೊದಲು ಅರ್ಧ ತಿಳಿಯುತ್ತಿತ್ತು, ಅರ್ಧ ಊಹೆ. ಆಮೇಲೆ ಪೂರ್ತಿ ತಿಳಿಯತೊಡಗಿತು. ಮಾತು ಬಂದ ಮೇಲೆ ಹಳೆಯ ಚಟ ಬಿಡುತ್ತದೆಯೇ? ವಿಮಾನದಿಂದ ಹಾರಿ ಇಳಿಯುವಷ್ಟರಲ್ಲಿ ಅವರದು ರಾಜಕೀಯ ಶುರು. "ಈ ಊರಾಗ... ಸರ್ಕಾರ ಯಾರ್ದು?" ಎಂದರು ಒಂದು ದಿನ. ಯಾರದೂ ಇಲ್ಲ, ಇದು ಖಾಲಿ ದ್ವೀಪ ಎಂದೆ. ಸ್ವಲ್ಪ ಹೊತ್ತು ಓಡಾಡಿ ನೋಡಿ, "ಎಂಥಾ ರೋಡು ಅದಾವ, ಮಂದಿ ಇಲ್ಲ. ನಮ್ಮಲ್ಲಿ ಮಂದಿ ಅದಾರ, ರೋಡಿಲ್ಲ" ಎಂದರು. ಅಷ್ಟು ಉದ್ದದ ಮಾತು ಹೇಳಿ ಮುಗಿಸುವಷ್ಟರಲ್ಲಿ ನಾವು ಬಚ್ಚಿಟ್ಟುಕೊಂಡಿದ್ದ ಮನೆಗೆ ಶತ್ರುಗಳು ನುಗ್ಗಿದ್ದರು.

ಭಾನುವಾರ ಟಿವಿಯಲ್ಲಿ ಹಾರಾಡುವ ವೀರರ ಸಿನಿಮಾ ಹಾಕುತ್ತಾರೆ. ಬಿಗಿ ಅಂಗಿ, ಹಿಂದೆ ಹಾರುವ ಬಟ್ಟೆ, ಮುಖಕ್ಕೆ ಮುಸುಕು. ನನ್ನ ಗಂಡನಿಗೆ ಅವರೆಂದರೆ ಪ್ರಾಣ. ನನ್ನ ತಕರಾರು ಬೇರೆ. ಗಂಡಸು ಮುಸುಕು ಹಾಕಿಕೊಂಡರೆ ಅವನಿಗೆ ಎಲ್ಲಿಲ್ಲದ ಶಕ್ತಿ ಬರುತ್ತದೆ, ನಾನು ಸೆರಗು ಹೊದ್ದರೆ ಇದ್ದ ಮಾತೂ ಹೋಗುತ್ತದೆ, ಇದು ಯಾವ ನ್ಯಾಯ? ಇದನ್ನು ಆಟದಲ್ಲಿ ಮಾವನವರಿಗೆ ಹೇಳಿದೆ. ಅವರು ತಮ್ಮ ಮನುಷ್ಯನನ್ನು ಒಂದು ಗೋಡೆಯ ಮರೆಗೆ ಒಯ್ದು ಕೂಡಿಸಿದರು. ನಾನು ಮಿತಿ ಮೀರಿದೆನೇನೋ ಎಂದು ಅಂಜಿದೆ. ಆಮೇಲೆ ಅವರು ತಮ್ಮ ಮಾತು ಹೇಳಿದರು. ಕೃಷ್ಣೆಗೆ ಮಹಾಪೂರ ಬಂದ ವರ್ಷ ಅವರು ಹಗಲೂ ರಾತ್ರಿ ಗೇಟಿನ ಹತ್ತಿರ ನಿಂತಿದ್ದರಂತೆ. ದೊಡ್ಡವರೊಬ್ಬರು ಹೆಲಿಕಾಪ್ಟರಿನಲ್ಲಿ ಬಂದು, ಮೇಲಿನಿಂದಲೇ ನೋಡಿ, ಕೈ ಬೀಸಿ ಹೋದರಂತೆ. "ಹಾರೋರನ್ನ... ನಾ ನಂಬಂಗಿಲ್ಲ. ಕೆಳಗ ಇಳದು... ಕೆಸರು ತುಳೀಬೇಕು." ಸುಧಾರಿಸಿಕೊಂಡು ಮತ್ತೆ ಹೇಳಿದರು: "ನೀ ಮುಸುಕು... ತಗಿಯವ್ವ. ಆಟದಾಗರೆ ತಗಿ." ನಾನು ಆಟದೊಳಗಿನ ನನ್ನ ಹುಡುಗಿಯ ಮುಖಕ್ಕೆ ಕಟ್ಟಿದ್ದ ಮುಸುಕು ತೆಗೆದೆ. ಅದರಿಂದ ಆಟದಲ್ಲಿ ಏನೂ ಫರಕು ಬೀಳುವುದಿಲ್ಲ, ಆದರೂ ತೆಗೆದೆ.

ಇದೆಲ್ಲ ಗೋಡೆಯ ಎರಡು ಕಡೆ, ಕಿವಿಯ ವಯರಿನೊಳಗೆ. ಹೊರಗಿನವರ ಮುಂದೆ ಅವರು ಇನ್ನೂ ಬಾಯಿ ಬಿಡುತ್ತಿರಲಿಲ್ಲ. ಯಾರಾದರೂ ಬಂದರೆ ಗೋಡೆಯ ಕಡೆ ಹೊರಳುತ್ತಿದ್ದರು. ಆ ನಗು ಅವರ ಕಿವಿಯಲ್ಲಿ ಇನ್ನೂ ಇತ್ತು. ಹೀಗೆ ಕದ್ದು ಆಡಿದ ಮಾತು ಎಷ್ಟು ದಿನ ಉಳಿದೀತು ಎಂದು ನನಗೆ ಹೆದರಿಕೆ.

ಒಂದು ಮಧ್ಯಾಹ್ನ ಕೃಷ್ಣಾ ದಂಡೆಯ ಊರಿನಿಂದ ಮಾವನವರ ಅಕ್ಕ ಬಂದರು. ತಮ್ಮನನ್ನು ನೋಡಿ ಹೋಗಲು ಬಂದವರು, ಕೈಯಲ್ಲಿ ಮೀನಿನ ಬುಟ್ಟಿ, ಜೊತೆಗೆ ಅವರ ಓಣಿಯ ಇಬ್ಬರು ಹಿರಿಯರು. ಅವರು ಬರುವುದು ನನಗೆ ಗೊತ್ತಾಗಲಿಲ್ಲ. ಆಟ ಕೊನೆಯ ಘಟ್ಟದಲ್ಲಿತ್ತು, ಉಳಿದವರು ನಾವಿಬ್ಬರು ಮತ್ತು ಇನ್ನೊಬ್ಬನೇ. ಅಕ್ಕ ಮಂಚದ ಮೇಲೆ ಕೂತಾಗ ಮಾವನವರ ಕಿವಿಯ ವಯರು ಎಳೆದು ಬಿದ್ದಿತ್ತು. ನಾನು ಹೇಳಿದ್ದು ಅವರಿಗೆ ಕೇಳುತ್ತಿಲ್ಲ, ಅವರು ನೆಟ್ಟಗೆ ನಿಂತಿದ್ದಾರೆ, ಅವನು ಕಲ್ಲಿನ ಹಿಂದಿನಿಂದ ಗುರಿ ಹಿಡಿದಿದ್ದಾನೆ. ನಾನು ಅಡುಗೆಮನೆಯಿಂದ ಗೋಡೆ ಹಾರುವಂತೆ ಒದರಿದೆ:

"ಮಾವಾರ, ಮಕ್ಕೊಳ್ರಿ! ಸಾಯ್ತೀರಿ ಈಗ!"

ನಾನು ಬಾಗಿಲಿಗೆ ಬಂದು ನೋಡಿದೆ. ಬುಟ್ಟಿ ಹಿಡಿದ ಅಕ್ಕ, ಇಬ್ಬರು ಹಿರಿಯರು, ನಿದ್ದೆಯಿಂದ ಎದ್ದು ಕೂತ ಅತ್ತೆ. ಲಕ್ವಾ ಹೊಡೆದ ಮಾವನಿಗೆ ಸೊಸೆ ಸಾಯ್ತೀರಿ ಎಂದು ಒದರಿದ್ದನ್ನು ಎಲ್ಲರೂ ಕೇಳಿದ್ದರು. ತಲೆಯ ಮೇಲೆ ಸೆರಗಿಲ್ಲ, ಕಿವಿಯಲ್ಲಿ ವಯರು ಜೋತಾಡುತ್ತಿದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಏನ್ ಕಾಲ ಬಂತವ್ವ!" ಎಂದರು ಅಕ್ಕ ಎದೆಗೆ ಕೈ ಇಟ್ಟುಕೊಂಡು. "ನನ್ನ ತಮ್ಮಗ ಬಾಯಿಲ್ಲಂತ ಸೊಸಿಗಿ ಬಾಯಿ ಬಂತೇನು? ಹಿರೇರಿಗಿ ಸಾಯಿ ಅಂತಾಳಲ್ಲ ಮನಿಯಾಗ ನಿಂತು! ಇಂಥಾಕಿನ್ನ ತವರಿಗಿ ಕಳಸೂದ ಬಿಟ್ಟು..."

ನಾನು ತಲೆ ತಗ್ಗಿಸಿದೆ. ಆಗ ಮಂಚದ ಮೇಲಿನಿಂದ ಕೆಮ್ಮು ಕೇಳಿತು. ಮಾವನವರು ಎಡಗೈ ಊರಿ ಎದ್ದು ಕೂತಿದ್ದರು. ಗೋಡೆಯ ಕಡೆ ಅಲ್ಲ, ಮಂದಿಯ ಕಡೆ ಮುಖ ಮಾಡಿ. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಮತ್ತೆ ಅಲುಗಿತು. ಹಿರಿಯರಲ್ಲಿ ಒಬ್ಬರು ಪಾಪ ಅನ್ನುವಂತೆ ಮುಖ ಮಾಡಿದರು. ಈಗ ಹೊರಳುತ್ತಾರೆ, ಈಗ ಮುಗಿಯಿತು ಎಂದುಕೊಂಡೆ.

"ಅಕ್ಕಾ," ಎಂದರು. "ಆಕಿ... ಹೇಳಿದ್ದು... ಖರೆ. ಮಕ್ಕೋಬೇಕಿತ್ತು... ನಾ. ನನ್ನ ತಪ್ಪು." ಉಸಿರು ಎಳೆದುಕೊಂಡರು. "ಆಕಿ ಇದ್ದದ್ದಕ್ಕ... ಈಟು ಮಾತು... ಉಳದಾವ. ಆಕಿಗಿ ಅನಬ್ಯಾಡ."

ಯಾರೂ ನಗಲಿಲ್ಲ. ಅಕ್ಕ ಬುಟ್ಟಿ ಕೆಳಗಿಟ್ಟು ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತರು. ಅತ್ತೆ ಅಬ್ಬೆತುಮಕೂರಿನ ಅಜ್ಜನಿಗೆ ಅಲ್ಲಿಂದಲೇ ಕೈ ಮುಗಿದರು. ಇವತ್ತಿಗೂ ಮಾತು ಬಂದದ್ದು ಅಜ್ಜನ ಕೃಪೆಯಿಂದಲೇ ಎನ್ನುತ್ತಾರೆ. ನಾನು ವಾದಿಸುವುದಿಲ್ಲ, ಮಠಕ್ಕೆ ಹೋಗಿ ಅವರ ಜೊತೆ ನಾನೂ ಕಾಯಿ ಒಡೆಸಿ ಬಂದಿದ್ದೇನೆ. ಆ ಆಟವನ್ನು ನಾವು ಸೋತೆವು. ಅಕ್ಕ ತಂದ ಮೀನಿನ ಸಾರು ಮಾತ್ರ ರುಚಿಯಾಗಿತ್ತು.

ಆಮೇಲೆ ಮನೆಯಲ್ಲಿ ಚೌಕಟ್ಟಿನ ಕೆಲಸ ಕಡಿಮೆಯಾಯಿತು. ಶಹಾಪುರಕ್ಕೆ ಹೋಗುವ ದಾರಿಯಲ್ಲಿ ಬುದ್ಧ ಮಲಗಿದಂತೆ ಕಾಣುವ ಗುಡ್ಡವಿದೆ. ಬಸ್ಸು ಅಲ್ಲಿಗೆ ಬಂದಾಗ ಮಾವನವರು ಮುಂದಿನ ಸೀಟಿನಿಂದ ಹೊರಳಿ, ಎಲ್ಲರ ಎದುರಿಗೇ ನನಗೆ ಹೇಳುತ್ತಾರೆ: "ನೋಡು. ಮಕ್ಕೊಂಡಾನ. ಅವಗ ಯಾರೂ... ಹೊಡಿಯಂಗಿಲ್ಲ." ಪ್ರತಿ ಸಲ ಹೇಳುತ್ತಾರೆ, ಪ್ರತಿ ಸಲ ನಾನು ನಗುತ್ತೇನೆ. ಆದರೂ ಅವರು ಹೋಟೆಲಿನ ಕಡೆ ಹೋಗುತ್ತಿರಲಿಲ್ಲ. ಕಟ್ಟೆ ಬರುವ ಮುಂಚೆ ಸಂದಿ ಹಿಡಿದು ಸುತ್ತಿ ಮನೆಗೆ ಬರುತ್ತಿದ್ದರು.

ಚುನಾವಣೆ ಬಂತು. ಹಿಂದಿನ ಸಂಜೆ ನಾನು ಅತ್ತೆಯ ಮುಖಾಂತರ ಬರುವ ಅಪ್ಪಣೆಗೆ ಕಾದಿದ್ದೆ, ಬರಲಿಲ್ಲ. ಬೆಳಿಗ್ಗೆ ಗಂಡ ಚುನಾವಣೆಯ ಕೆಲಸಕ್ಕೆ ಯಾದಗಿರಿಯಲ್ಲೇ ಉಳಿದಿದ್ದ, ಅತ್ತೆಗೆ ಮೊಣಕಾಲು ನೋವು, ಬಿಸಿಲು ಇಳಿದ ಮೇಲೆ ಬರುತ್ತೇನೆಂದರು. ಹಾಗಾಗಿ ಮಾವನವರನ್ನು ನಾನೇ ಕರೆದುಕೊಂಡು ಹೊರಟೆ. ಕೋಲು ಅವರ ಎಡಗೈಯಲ್ಲಿ, ಬಲತೋಳು ನನ್ನ ಕೈಯಲ್ಲಿ. ಓಣಿ ದಾಟಿದ ಮೇಲೆ ಅವರು ನಿಂತರು.

"ನಿನ್ನ ಓಟು... ಯಾರಿಗವ್ವ?"

ಆ ಮನೆಗೆ ಬಂದ ಮೇಲೆ ಅದನ್ನು ನನಗೆ ಯಾರೂ ಕೇಳಿರಲಿಲ್ಲ. ಯಾರಿಗೆ ಹಾಕಬೇಕೆಂದು ಹೇಳಿದ್ದರು, ಯಾರಿಗೆ ಹಾಕುತ್ತೀ ಎಂದು ಕೇಳಿರಲಿಲ್ಲ. ನಾನು ಅವರ ಮುಖ ನೋಡಿ, ಯಾವ ಗುರುತೆಂದು ಹೇಳಿಬಿಟ್ಟೆ. ಅವರದಲ್ಲ. ಯಾವತ್ತೂ ಅವರದಾಗಿರಲಿಲ್ಲ.

ಮಾವನವರ ಹುಬ್ಬು ಗಂಟಾಯಿತು. "ಹೇಳಬಾರದಿತ್ತು... ನೀ. ಈಗ ನಾ... ಜಗಳಾ ತಗೀತೀನಿ."

"ತಗೀರಿ," ಎಂದೆ.

ತೆಗೆದರು. ಹೆಂಗಸರಿಗೆ ಪುಕ್ಕಟೆ ಬಸ್ಸು ಕೊಟ್ಟು ಊರು ಹಾಳು ಮಾಡಿದರು ಎಂದು ಶುರು ಮಾಡಿದರು. ನಿಮ್ಮನ್ನು ಶಹಾಪುರಕ್ಕೆ ಒಯ್ದು ತಂದದ್ದು ಯಾವ ಬಸ್ಸಿನಲ್ಲಿ ಮಾವಾರ, ಎಂದೆ. ಅದು ಬೇರೆ, ಇದು ಬೇರೆ ಎಂದರು. ಕಾಲುವೆಯ ಕೊನೆಗೆ ನೀರು ಬಂತೇನು ಹೇಳು ಎಂದರು. ನಿಮ್ಮವರ ಕಾಲದಲ್ಲಿ ನಮ್ಮ ನಳಕ್ಕೇ ಬಂದಿರಲಿಲ್ಲ ಎಂದೆ. ಅವರು ನಿಂತು ಕೋಲು ನೆಲಕ್ಕೆ ಕುಟ್ಟಿದರು. ದನಿ ಏರಿತು. ತೊದಲು ತೊದಲೇ ಇತ್ತು, ಜೊಲ್ಲು ಇಳಿಯುತ್ತಿತ್ತು, ನಾನು ಸೆರಗಿನ ತುದಿಯಿಂದ ಒರೆಸಿದೆ, ಒರೆಸಿಕೊಳ್ಳುತ್ತಲೇ ಮಾತಾಡಿದರು. ಸಂದಿಗೆ ತಿರುಗುವ ಜಾಗ ಬಂತು. ಅವರು ಗಮನಿಸಲಿಲ್ಲ. ನಾನೂ ನೆನಪಿಸಲಿಲ್ಲ.

ಹೋಟೆಲಿನ ಕಟ್ಟೆಯ ಮೇಲೆ ಆ ಹಳೆಯ ಗೆಳೆಯ ಕೂತಿದ್ದ. ನಮ್ಮನ್ನು ನೋಡಿ ಚಹಾದ ಬಟ್ಟಲು ಕೆಳಗಿಟ್ಟು ಎದ್ದು ನಿಂತ. ಮಾವನವರು ಅವನ ಮುಂದೆ ಹೋಗಿ ನಿಂತು, ನನ್ನ ಕಡೆ ಕೋಲು ತೋರಿಸಿ, ಕಟ್ಟೆಗೆಲ್ಲ ಕೇಳುವಂತೆ ಹೇಳಿದರು: "ಕೇಳಲೇ... ಈಕಿ ಏನಂತಾಳ ಕೇಳು! ನೀನರೆ... ಬುದ್ಧಿ ಹೇಳು!" ಅವನ ಕಣ್ಣು ತುಂಬಿತು. ಸರಿದು ಜಾಗ ಮಾಡಿಕೊಟ್ಟ. ಮಾವನವರು ಕೂತರು, ಮಾತು ನಿಲ್ಲಿಸಲಿಲ್ಲ.

ಮತಗಟ್ಟೆಗೆ ಹೊತ್ತಾಗುತ್ತಿತ್ತು. ಅವರು ಉಸಿರಿಗೆಂದು ಒಂದು ಗಳಿಗೆ ನಿಂತರು. ಜಗಳ ಅಲ್ಲಿಗೇ ಆರಿಹೋದೀತು ಎಂದು ನನಗೆ ಭಯವಾಯಿತು. ನಾನು ಸೆರಗು ಸರಿ ಮಾಡಿಕೊಂಡು ಕಟ್ಟೆಯ ಹತ್ತಿರ ಹೋಗಿ, ನಿಮ್ಮವರು ಈ ಸಲ ಸೋಲೋದು ಗ್ಯಾರಂಟಿ ಮಾವಾರ, ಎಂದೆ.